308, 6.5 ಕ್ರೀಡ್‌ಮೋರ್ ತೋಟೆಗೆ ಯಾವ ಮದ್ದು? ವಾರ್ಗೆಟ್, ಎಚ್4350 ಮತ್ತು ಪಕ್ಕದ ಡಬ್ಬಿಗಳು

ಹೊಡೆದ ರೈಫಲ್ ತೋಟೆಯ ಖಾಲಿ ಕೇಸಿಗೆ, ಅಂದರೆ ಹಿತ್ತಾಳೆಯ ಕವಚಕ್ಕೆ, ಮತ್ತೆ ಮದ್ದು, ಬುಲೆಟ್ ತುಂಬುವುದೇ ರೀಲೋಡಿಂಗ್. ಅಮೆರಿಕದ ರೀಲೋಡಿಂಗ್ ಅಂಗಡಿಗಳ ಕಪಾಟಿನಲ್ಲಿ ಒಂದು ಪೌಂಡಿನ ಪೌಡರ್ ಡಬ್ಬಿಗಳು ಹತ್ತಾರು ಬಗೆ ಇರುತ್ತವೆ. 600 ಗಜ, 1000 ಗಜದ ಕಾಗದದ ಗುರಿಗೆ ಹೊಡೆಯುವವರಿಗೆ ಅವುಗಳಲ್ಲಿ ಕೆಲಸಕ್ಕೆ ಬರುವುದು ಆರೇಳು. ಅಷ್ಟರೊಳಗೂ ಆಯ್ಕೆ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕೈಪಿಡಿಯ ಕೋಷ್ಟಕದಲ್ಲಿ ಯಾವ ಸಾಲಿನ ಎದುರು ವೇಗ ಜಾಸ್ತಿ ಬರೆದಿದೆಯೋ ಆ ಡಬ್ಬಿಗೆ ಕೈ ಹೋಗುತ್ತದೆ. ಬೇಟೆಯವರಿಗೆ ಅದು ಸರಿಯಿರಬಹುದು. ಕಾಗದಕ್ಕೆ ಹೊಡೆಯುವವರಿಗೆ ಸೆಕೆಂಡಿಗೆ 40 ಅಡಿ ಹೆಚ್ಚಿನ ವೇಗದಿಂದ ಬರುವ ಲಾಭ ಅಲ್ಪ, ಆ ವೇಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆದರೆ ಆಗುವ ನಷ್ಟ ದೊಡ್ಡದು. ಹಾಗಾಗಿ ಇಲ್ಲಿ ಡಬ್ಬಿಗಳನ್ನು ತೂಗಿರುವುದು ಮೂರು ಗುಣಗಳ ಮೇಲೆ. ಬಿಸಿಲು ಚಳಿಗೆ ಎಷ್ಟು ಅಲುಗಾಡುತ್ತದೆ, ಕೇಸನ್ನು ಎಷ್ಟು ತುಂಬುತ್ತದೆ, ಬೇಕಾದಾಗ ಒಂದೇ ಲಾಟಿನದು (ಒಂದೇ ಸಲ ತಯಾರಾದದ್ದು) ಸಿಗುತ್ತದೆಯೇ.

ಮೊದಲೇ ಒಂದು ಮಾತು. ಎಷ್ಟು ಗ್ರೇನ್ (ಮದ್ದು, ಬುಲೆಟ್ ತೂಗುವ ಅಳತೆ, ಪೌಂಡಿಗೆ 7000) ಹಾಕಬೇಕೆಂಬ ಅಂಕಿಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಅದು ಬುಲೆಟ್ಟಿನ ತಯಾರಕರು, ಕೇಸು, ಪ್ರೈಮರ್ (ಮದ್ದಿಗೆ ಬೆಂಕಿ ಹೊತ್ತಿಸುವ ಕೇಸಿನ ತಳದ ಬಿಲ್ಲೆ), ಬುಲೆಟ್ ಕೂರಿಸಿದ ಆಳ ಎಲ್ಲದರ ಮೇಲೂ ನಿಲ್ಲುತ್ತದೆ. ಪೌಡರ್ ಕಂಪನಿಯ ಇಂದಿನ ಕೋಷ್ಟಕ ತೆರೆದು ನಿಮ್ಮದೇ ಬುಲೆಟ್ಟಿನ ಸಾಲು ನೋಡಿ, ಆರಂಭದ ಅಳತೆಯಿಂದಲೇ ಹೊರಡಿ. ಯಾರೋ ಬರೆದಿಟ್ಟ 'ನನ್ನ ಲೋಡ್' ನಕಲು ಮಾಡುವುದು ಬೇಡ.

ಬಿಸಿಲಿನ ಲೆಕ್ಕ

308 ವಿಂಚೆಸ್ಟರ್‌ನಲ್ಲಿ 175 ಗ್ರೇನ್ ಬುಲೆಟ್ಟು ಸೆಕೆಂಡಿಗೆ 2600 ಅಡಿಯ ಆಸುಪಾಸಿನಲ್ಲಿ ಹೊರಟರೆ, ವೇಗದಲ್ಲಿ ಪ್ರತಿ 10 ಅಡಿ ವ್ಯತ್ಯಾಸಕ್ಕೆ 1000 ಗಜದಲ್ಲಿ ಗುಂಡು ಸುಮಾರು 4 ಇಂಚು ಮೇಲೆ ಕೆಳಗೆ ಆಗುತ್ತದೆ. 6.5 ಕ್ರೀಡ್‌ಮೋರ್‌ನ 140 ಗ್ರೇನ್ ಬುಲೆಟ್ಟಿಗೆ ಅದೇ ಸುಮಾರು 3 ಇಂಚು. ಮಲಗಿ, ರೈಫಲ್ಲಿಗೆ ಆಧಾರ ಕೊಟ್ಟು ದೂರಕ್ಕೆ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯ ಟಾರ್ಗೆಟ್ಟಿನಲ್ಲಿ 1000 ಗಜಕ್ಕೆ ಹತ್ತರ ವೃತ್ತದ ವ್ಯಾಸ 10 ಇಂಚು, ಒಳಗಿನ ಎಕ್ಸ್ 5 ಇಂಚು.

ಬೆಳಿಗ್ಗೆ 50 ಡಿಗ್ರಿ ಫ್ಯಾರನ್‌ಹೀಟ್, ಮಧ್ಯಾಹ್ನ 95 ಇರುವ ದಿನ ಟೆಕ್ಸಾಸಿನಲ್ಲೋ ಅರಿಜೋನಾದಲ್ಲೋ ಅಪರೂಪವಲ್ಲ. ನಮ್ಮ ಅಳತೆಯಲ್ಲಿ 10ರಿಂದ 35 ಸೆಲ್ಸಿಯಸ್. ಬಿಸಿಗೆ ಬಾಗುವ ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ಒಂದು ಡಿಗ್ರಿ ಫ್ಯಾರನ್‌ಹೀಟಿಗೆ ಸೆಕೆಂಡಿಗೆ ಒಂದು ಅಡಿಯಂತೆ ಏರಿದರೂ 45 ಅಡಿ ಆಯಿತು, 308ರಲ್ಲಿ 18 ಇಂಚು. ಅಂದರೆ ಬೆಳಗಿನ ಸೈಟಿನಲ್ಲೇ ಮಧ್ಯಾಹ್ನವೂ ಹೊಡೆದರೆ ಗುಂಡು ಹತ್ತನ್ನು ದಾಟಿ ಒಂಬತ್ತರ ಅಂಚಿನಾಚೆ. ಡಿಗ್ರಿಗೆ 0.3 ಅಡಿ ಮಾತ್ರ ಅಲುಗುವ ಮದ್ದಾದರೆ ಅದೇ ದಿನ 13-14 ಅಡಿ, ಸುಮಾರು 5 ಇಂಚು. ಅದನ್ನು ಸೈಟಿನ ಎರಡು ಕ್ಲಿಕ್‌ನಲ್ಲಿ ಸರಿ ಮಾಡಿಕೊಳ್ಳಬಹುದು.

ಇದರ ಜೊತೆಗೆ ಒತ್ತಡದ ಪ್ರಶ್ನೆಯೂ ಇದೆ. ಎರಡೂ ತೋಟೆಗಳಿಗೆ ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ನಿಗದಿ ಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಜನವರಿಯಲ್ಲಿ ತುದಿಗೆ ಮುಟ್ಟಿಸಿ ತುಂಬಿದ ತೋಟೆ ಜುಲೈನಲ್ಲಿ ಆ ಗೆರೆ ದಾಟುತ್ತದೆ. ಬೋಲ್ಟ್ ಎತ್ತಲು ಬಾರದೆ ರಬ್ಬರ್ ಸುತ್ತಿಗೆ ಹುಡುಕುವುದು ಇಂಥ ದಿನಗಳಲ್ಲೇ.

ವಾರ್ಗೆಟ್: 308ಕ್ಕೆ ಮೊದಲ ಡಬ್ಬಿ

ಹಾಜ್‌ಡನ್ ಕಂಪನಿಯ ಹೆಸರಿನಲ್ಲಿ ಮಾರಾಟವಾದರೂ ವಾರ್ಗೆಟ್ ತಯಾರಾಗುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮಲ್ವಾಲಾ ಕಾರ್ಖಾನೆಯಲ್ಲಿ. ಕಂಪನಿ 'ಎಕ್ಸ್‌ಟ್ರೀಮ್' ಎಂದು ಕರೆಯುವ ಸಾಲಿನ ಎಚ್4895, ಎಚ್4350, ಎಚ್4831ಎಸ್‌ಸಿ, ಎಚ್1000 ಎಲ್ಲವೂ ಅಲ್ಲಿಯವೇ. ಇವು ನೈಟ್ರೋಸೆಲ್ಯುಲೋಸ್ ಒಂದನ್ನೇ ಆಧಾರವಾಗಿಟ್ಟ ಸಿಂಗಲ್ ಬೇಸ್ ಕಡ್ಡಿ ಪೌಡರ್‌ಗಳು. ಬಿಸಿ ಚಳಿಗೆ ಕಡಿಮೆ ಅಲುಗುವುದೇ ಇವುಗಳ ಹೆಗ್ಗುರುತು, ಮತ್ತು ಈ ವಿಷಯದಲ್ಲಿ ಜಾಹೀರಾತು ಹೇಳುವುದು ಬಹುಮಟ್ಟಿಗೆ ನಿಜ.

308ರಲ್ಲಿ 155ರಿಂದ 185 ಗ್ರೇನ್ ಬುಲೆಟ್ಟುಗಳಿಗೆ ವಾರ್ಗೆಟ್ ಹೇಳಿ ಮಾಡಿಸಿದ ಹಾಗಿದೆ. ಗರಿಷ್ಠದ ಹತ್ತಿರದ ಅಳತೆಗೆ ಕೇಸು ಕತ್ತಿನ ಬುಡದವರೆಗೆ ತುಂಬುತ್ತದೆ. ಕೇಸು ತುಂಬುವುದರಿಂದ ಎರಡು ಉಪಯೋಗ. ಮದ್ದು ಒಳಗೆ ಅತ್ತಿತ್ತ ಜಾರದೆ ಪ್ರೈಮರಿನ ಬೆಂಕಿ ಪ್ರತಿ ಸಲ ಒಂದೇ ರೀತಿ ತಗಲುತ್ತದೆ. ಇನ್ನೊಂದು, ಮರೆತು ಎರಡು ಸಲ ಹಾಕಿದರೆ ಮದ್ದು ಬಾಯಿಂದ ಉಕ್ಕಿ ಮೇಜಿಗೆ ಬೀಳುತ್ತದೆ, ತಪ್ಪು ಅಲ್ಲೇ ಕಾಣುತ್ತದೆ. 223 ಎಂಬ ಚಿಕ್ಕ ರೈಫಲ್ ತೋಟೆಯಲ್ಲಿ 77, 80 ಗ್ರೇನ್ ಬುಲೆಟ್ಟಿಗೂ ಇದನ್ನೇ ಬಳಸುವವರು ಬಹಳ, ಆದರೆ ಅಲ್ಲಿ ಜಾಗ ಸಾಲದೆ ಅದುಮಿ ತುಂಬಬೇಕಾಗುತ್ತದೆ. ಬುಲೆಟ್ ಕೂರಿಸುವಾಗ ಕಾಳು ಪುಡಿಯಾಗುವ ಸದ್ದು ಕೇಳುತ್ತದೆ. ಕೋಷ್ಟಕವೇ ಒಪ್ಪಿದ ಮಿತಿಯೊಳಗಿದ್ದರೆ ಸದ್ದಿಗೆ ಹೆದರಬೇಕಿಲ್ಲ. ಆದರೆ ಕತ್ತಿನ ಹಿಡಿತ ಸಡಿಲವಿದ್ದರೆ ಅದುಮಿದ ಮದ್ದು ಬುಲೆಟ್ಟನ್ನು ರಾತ್ರಿ ಕಳೆಯುವುದರೊಳಗೆ ಒಂದೆರಡು ಸಾವಿರಾಂಶ ಇಂಚು ಮೇಲಕ್ಕೆ ತಳ್ಳಿರುತ್ತದೆ. ಮರುದಿನ ನಾಲ್ಕೈದು ತೋಟೆಗಳ ಉದ್ದವನ್ನು ಇನ್ನೊಮ್ಮೆ ಅಳೆದು ನೋಡಿ.

ದೋಷ? ಡ್ರಮ್ ತಿರುಗಿಸಿ ಹಾಕುವ ಅಳತೆಯಂತ್ರದಲ್ಲಿ ಕಾಳು ಕತ್ತರಿಸಿಕೊಳ್ಳುತ್ತದೆ, ಕೈಗೆ ಜರ್ಕ್ ಸಿಗುತ್ತದೆ, ಅಳತೆ 0.2-0.3 ಗ್ರೇನ್ ಹಿಂದೆಮುಂದೆ ಆಗುತ್ತದೆ. ಹಾಗಾಗಿ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಅದಕ್ಕಿಂತ ದೊಡ್ಡ ದೋಷ, ಎಲ್ಲರಿಗೂ ಇದೇ ಬೇಕು. ಕೊರತೆ ಬಂದಾಗ ಕಪಾಟಿನಲ್ಲಿ ಮೊದಲು ಖಾಲಿಯಾಗುವ ಜಾಗ ವಾರ್ಗೆಟ್‌ನದು.

4895, 4064: ಹಳೆಯವು, ಇಂದಿಗೂ ಸೋತವಲ್ಲ

ಎರಡನೇ ಮಹಾಯುದ್ಧದ ನಂತರ ಸೇನೆಯ ಬಳಿ ಉಳಿದಿದ್ದ 4895 ಮದ್ದನ್ನು ಕೊಂಡು ಮಾರುತ್ತಲೇ ಬ್ರೂಸ್ ಹಾಜ್‌ಡನ್ ತಮ್ಮ ವ್ಯಾಪಾರ ಕಟ್ಟಿದರು. ಇಂದು ಅದೇ ಅಂಕಿಯ ಎರಡು ಡಬ್ಬಿಗಳಿವೆ, ಐಎಂಆರ್ 4895 ಮತ್ತು ಎಚ್4895. ಎರಡೂ ಹಾಜ್‌ಡನ್ ಮಾರುವುದೇ, ಆದರೆ ಮೊದಲನೆಯದು ಕೆನಡಾದ ಕ್ವೆಬೆಕ್‌ನಲ್ಲಿ ತಯಾರಾಗುತ್ತದೆ, ಎರಡನೆಯದು ಮಲ್ವಾಲಾದಲ್ಲಿ. ಒಂದರ ಕೋಷ್ಟಕ ಇನ್ನೊಂದಕ್ಕೆ ಸಲ್ಲುವುದಿಲ್ಲ. 4350ರದ್ದು ಇದಕ್ಕಿಂತ ಗೋಜಲು: ಎಚ್4350, ಐಎಂಆರ್ 4350, ಅಕ್ಯುರೇಟ್ 4350 ಮೂರು ಬೇರೆ ಬೇರೆ ಮದ್ದುಗಳು, ಮೂರಕ್ಕೂ ಗರಿಷ್ಠ ಅಳತೆ ಬೇರೆ. ಅಂಕಿ ನೋಡಿ ಡಬ್ಬಿ ಎತ್ತಿಕೊಳ್ಳುವ ಅಭ್ಯಾಸವಿದ್ದರೆ ಇಲ್ಲಿ ಪೆಟ್ಟು ತಪ್ಪಿದ್ದಲ್ಲ.

ಎಚ್4895ರ ವಿಶೇಷವೆಂದರೆ ಕಡಿಮೆ ತುಂಬಿದರೂ ಸರಿಯಾಗಿ ಹೊತ್ತಿಕೊಳ್ಳುವುದು. ಕೋಷ್ಟಕದ ಗರಿಷ್ಠದ ಶೇಕಡ 60ರವರೆಗೆ ಇಳಿಸಬಹುದೆಂದು ತಯಾರಕರೇ ಒಪ್ಪಿದ್ದಾರೆ. ಹೊಸಬರಿಗೆ ಒದೆತ ಕಡಿಮೆಯಿರುವ 100 ಗಜದ ತೋಟೆ ಬೇಕಿದ್ದರೆ ಇದೇ ದಾರಿ. ಈ ಸವಲತ್ತನ್ನು ಬೇರೆ ಡಬ್ಬಿಗೆ ಅನ್ವಯಿಸಬೇಡಿ. ನಿಧಾನ ಉರಿಯುವ ಮದ್ದನ್ನು ದೊಡ್ಡ ಕೇಸಿನಲ್ಲಿ ಆರಂಭದ ಅಳತೆಗಿಂತ ಕಡಿಮೆ ತುಂಬಿದರೆ ಬೆಂಕಿ ತಡವರಿಸಿ ಹತ್ತಿ, ಬುಲೆಟ್ ರೈಫ್ಲಿಂಗಿನಲ್ಲಿ (ನಳಿಗೆಯೊಳಗಿನ ಸುರುಳಿ ಗೀರುಗಳಲ್ಲಿ) ನಿಂತು, ಆಮೇಲೆ ಒತ್ತಡ ಒಮ್ಮೆಲೇ ಹಾರುವ ಅಪಾಯವಿದೆ. ಕಡಿಮೆ ಹಾಕಿದರೆ ಸುರಕ್ಷಿತ ಎಂಬುದು ಎಲ್ಲ ಮದ್ದಿಗೂ ನಿಜವಲ್ಲ.

ಐಎಂಆರ್ 4064ರ ಹೆಸರು 308 ಮ್ಯಾಚ್ ತೋಟೆಗಳ ಜೊತೆ ಬಹಳ ಕಾಲದಿಂದ ಅಂಟಿಕೊಂಡಿದೆ. ಅಮೆರಿಕದ ಸೇನೆಯ ಎಂಕೆ316 ಮಾಡ್ 0 ಸ್ನೈಪರ್ ತೋಟೆಗೂ ಇದನ್ನೇ ಆರಿಸಿದ್ದು. ಗುರಿ ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆ ಕಾಳಿನದು. ಕತ್ತರಿಸಿದ ಶಾವಿಗೆಯಂತೆ ಉದ್ದುದ್ದ ಇರುವುದರಿಂದ ಅಳತೆಯಂತ್ರದ ಕೊಳವೆಯಲ್ಲಿ, ಫನೆಲ್ಲಿನ ಕತ್ತಿನಲ್ಲಿ ಒಂದಕ್ಕೊಂದು ಅಡ್ಡ ಸಿಕ್ಕಿಕೊಂಡು ಸೇತುವೆ ಕಟ್ಟುತ್ತದೆ. ಒಂದು ಕೇಸಿಗೆ ಅರ್ಧ ಬಿದ್ದು, ಉಳಿದರ್ಧ ಮುಂದಿನ ಕೇಸಿಗೆ ಸೇರಿ ಬೀಳುತ್ತದೆ. ಹೀಗಾದಾಗ ಕೆಡುವುದು ಒಂದಲ್ಲ, ಎರಡು ತೋಟೆ. ತುಂಬಿದ ಐವತ್ತೂ ಕೇಸುಗಳನ್ನು ಲೋಡಿಂಗ್ ಹಲಗೆಯಲ್ಲಿ ನಿಲ್ಲಿಸಿ, ಬುಲೆಟ್ ಕೂರಿಸುವ ಮುನ್ನ ಟಾರ್ಚ್ ಹಾಕಿ ಮದ್ದಿನ ಮಟ್ಟ ನೋಡುವುದು ಯಾವ ಪೌಡರ್‌ಗಾದರೂ ಒಳ್ಳೆಯದು, 4064ಕ್ಕಂತೂ ಕಡ್ಡಾಯ.

ಐಎಂಆರ್ 8208 ಎಕ್ಸ್‌ಬಿಆರ್ ಬಗ್ಗೆ ಒಂದೇ ಮಾತು: ಹೆಸರಲ್ಲಿ ಐಎಂಆರ್ ಇದ್ದರೂ ಇದೂ ಆಸ್ಟ್ರೇಲಿಯಾದ್ದೇ, ಕಾಳು ಸಣ್ಣದು, ಯಂತ್ರದಲ್ಲಿ ಸಲೀಸಾಗಿ ಬೀಳುತ್ತದೆ, ಬಿಸಿಗೂ ಬಾಗುವುದಿಲ್ಲ. 223 ತುಂಬುವವರು ವಾರ್ಗೆಟ್‌ಗಿಂತ ಮೊದಲು ಇದನ್ನು ನೋಡಬೇಕು.

ರೀಲೋಡರ್ 15 ಮತ್ತು 16

ಅಲಿಯಂಟ್ ಮಾರುವ ರೀಲೋಡರ್ 15 ಸ್ವೀಡನ್ನಿನ ಕಾರ್ಲ್ಸ್‌ಕೂಗದಿಂದ ಬರುವ ಡಬಲ್ ಬೇಸ್ ಮದ್ದು, ಅಂದರೆ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತದೆ. ಎಂ118ಎಲ್‌ಆರ್ ಸೇನಾ ತೋಟೆಯಲ್ಲಿ ಬಳಕೆಯಾಗಿ ಹೆಸರು ಮಾಡಿತು. ವಾರ್ಗೆಟ್‌ಗಿಂತ ವೇಗ ಸ್ವಲ್ಪ ಹೆಚ್ಚು ಕೊಡುತ್ತದೆ, ಅಳತೆಯಂತ್ರದಲ್ಲೂ ಸರಾಗ. ಆದರೆ ಬಿಸಿಲಿಗೆ ಏರುವುದು ಸ್ಪಷ್ಟವಾಗಿ ಹೆಚ್ಚು. ವರ್ಷವಿಡೀ ಒಂದೇ ಹವೆ ಇರುವ ಕಡಲತೀರದ ಊರಿನವರಿಗೆ ಇದು ಅಡ್ಡಿಯಾಗದು. ಬೇಸಿಗೆಯಲ್ಲಿ ಒಳನಾಡಿನ ಮ್ಯಾಚುಗಳಿಗೆ ಹೋಗುವವರು ಬೇರೆ ನೋಡಲಿ. ಈ ಕೊರತೆ ತುಂಬಲೆಂದೇ ಬಂದ ಟಿಎಸ್ 15.5 ಮತ್ತು 6.5ಕ್ಕೆ ಒಪ್ಪುವ ರೀಲೋಡರ್ 16 ಬಿಸಿಗೆ ಚೆನ್ನಾಗಿ ನಿಲ್ಲುತ್ತವೆ. ರೀಲೋಡರ್ 16 ಸಿಕ್ಕರೆ ಎಚ್4350ಕ್ಕೆ ನಿಜವಾದ ಬದಲಿ. ಸಿಕ್ಕರೆ ಎಂಬುದೇ ಸಮಸ್ಯೆ. ಅಲಿಯಂಟ್ ಡಬ್ಬಿಗಳ ಪೂರೈಕೆ ಇತ್ತೀಚಿನ ವರ್ಷಗಳಲ್ಲಿ ನಂಬುವ ಹಾಗಿಲ್ಲ.

ವಿಹ್ತಾವುವೊರಿ: ದುಡ್ಡು ಹೆಚ್ಚು, ಕಿರಿಕಿರಿ ಕಡಿಮೆ

ಫಿನ್ಲೆಂಡಿನ ಯುವಾಸ್ಕುಲಾ ಪಟ್ಟಣದ ಬಳಿ 1922ರಲ್ಲಿ ಶುರುವಾದ ಕಾರ್ಖಾನೆಯ ಮದ್ದು ಇದು. ಈಗ ನ್ಯಾಮೊ ಕೂಟದ ಕೈಯಲ್ಲಿದೆ. ಹೆಸರಿನ ಅಂಕಿಯಲ್ಲೇ ಜಾತಿ ತಿಳಿಯುತ್ತದೆ: ಎನ್100 ಸಾಲು ಸಿಂಗಲ್ ಬೇಸ್, ಎನ್500 ಸಾಲಿಗೆ ನೈಟ್ರೋಗ್ಲಿಸರಿನ್ ಉಣಿಸಿರುತ್ತಾರೆ.

308ಕ್ಕೆ ಎನ್140. ಕಾಳು ಚಿಕ್ಕದಾಗಿ ಒಂದೇ ಸಮ ಕತ್ತರಿಸಿರುವುದರಿಂದ ಯಂತ್ರದಿಂದ ಬೀಳುವ ಅಳತೆ ವಾರ್ಗೆಟ್‌ಗಿಂತ ಸಮವಾಗಿರುತ್ತದೆ, ನಳಿಗೆಯಲ್ಲಿ ಮಸಿಯೂ ಕಡಿಮೆ. ಕಡುಬಿಸಿಲಿನಲ್ಲಿ ಮಾತ್ರ ವಾರ್ಗೆಟ್‌ನಷ್ಟು ಗಟ್ಟಿಯಲ್ಲ. ಭಾರದ ಬುಲೆಟ್ಟು ಹಾಕುವ, ಎಫ್-ಕ್ಲಾಸಿನ ಎಫ್-ಟಿಆರ್ ವಿಭಾಗದ ಸ್ಪರ್ಧಿಗಳಲ್ಲಿ ಎನ್150, ಎನ್550 ಕಡೆಗೆ ವಾಲುವವರಿದ್ದಾರೆ. ಈ ವಿಭಾಗದಲ್ಲಿ 223 ಮತ್ತು 308 ಬಿಟ್ಟು ಬೇರೆ ತೋಟೆಗೆ ಅವಕಾಶವಿಲ್ಲ, ಗಾಳಿಯನ್ನು ಗೆಲ್ಲಲು ವೇಗ ಹಿಂಡಲೇಬೇಕು, ಹಾಗಾಗಿ ಅವರ ಲೆಕ್ಕ ಅರ್ಥವಾಗುತ್ತದೆ. ಬೆಲೆ ತೆರುವುದು ನಳಿಗೆಯ ಗಂಟಲು. ಎನ್500 ಸಾಲು ಬಿಸಿಯಾಗಿ ಉರಿಯುವುದರಿಂದ ಚೇಂಬರಿನ ಮುಂದಿನ ಉಕ್ಕು ಬೇಗ ಸವೆಯುತ್ತದೆ. 308ರ ನಳಿಗೆ ಐದು ಸಾವಿರ ಗುಂಡು ತಾಳಿದರೆ 6.5 ಕ್ರೀಡ್‌ಮೋರ್‌ನದು ಎರಡರಿಂದ ಮೂರು ಸಾವಿರಕ್ಕೇ ಮುಗಿಯುವುದುಂಟು, ಅದಕ್ಕೆ ಇನ್ನಷ್ಟು ಬಿಸಿ ಮದ್ದು ಬೇಕೇ ಎಂದು ಯೋಚಿಸಿ. ಕ್ರೀಡ್‌ಮೋರ್‌ಗೆಂದೇ ತಂದ ಎನ್555 ಎಚ್4350ಕ್ಕಿಂತ ಕೊಂಚ ನಿಧಾನ ಉರಿಯುತ್ತದೆ, ಬಿಸಿಗೂ ನಿಲ್ಲುತ್ತದೆ. 140ಕ್ಕಿಂತ ಭಾರದ ಬುಲೆಟ್ಟುಗಳಿಗೆ ಒಳ್ಳೆಯ ಆಯ್ಕೆ.

ಎಚ್4350: 6.5ರ ಜೋಡಿ

6.5 ಕ್ರೀಡ್‌ಮೋರ್ ಮಾರುಕಟ್ಟೆಗೆ ಬಂದ ಕಾಲದಲ್ಲಿ ಹಾರ್ನಡಿ ಕಂಪನಿ ಕಾರ್ಖಾನೆ ತೋಟೆಯ ಪೆಟ್ಟಿಗೆಯ ಮೇಲೆಯೇ ಒಳಗಿರುವ ಮದ್ದಿನ ಹೆಸರು ಮತ್ತು ಅಳತೆ ಅಚ್ಚು ಹಾಕಿತ್ತು. ಮದ್ದು ಎಚ್4350. ಅಂದಿನಿಂದ ಈ ಎರಡನ್ನು ಬಿಡಿಸಲಾಗಿಲ್ಲ. 140 ಗ್ರೇನ್ ಬುಲೆಟ್ಟಿನ ಹಿಂದೆ ಕೇಸು ಸರಿಯಾಗಿ ತುಂಬುತ್ತದೆ, ಬಿಸಿಗೆ ಅಲುಗುವುದಿಲ್ಲ, ಅಳತೆ ಅಲ್ಪ ಸ್ವಲ್ಪ ಹೆಚ್ಚುಕಡಿಮೆಯಾದರೂ ಗುರಿಯ ಮೇಲೆ ಗುಂಡುಗಳ ಗುಂಪು ಒಡೆಯುವುದಿಲ್ಲ. ಪೆಟ್ಟಿಗೆಯ ಆ ಹಳೆಯ ಅಂಕಿಯನ್ನು ಇಂದು ಲಾಪುವಾ ಕಂಪನಿಯ ಕೇಸಿಗೆ ಹಾಕುವವರಿದ್ದಾರೆ, ಹಾಕಬಾರದು. ಕೇಸಿನ ಗೋಡೆ ದಪ್ಪವಿದ್ದಷ್ಟೂ ಒಳಜಾಗ ಕಡಿಮೆ, ಅದೇ ಅಳತೆಗೆ ಒತ್ತಡ ಹೆಚ್ಚು. ಲಾಪುವಾ ಕ್ರೀಡ್‌ಮೋರ್ ಕೇಸಿಗೆ ಚಿಕ್ಕ ರೈಫಲ್ ಪ್ರೈಮರ್ ಬೇಕೆಂಬುದೂ ನೆನಪಿರಲಿ.

ತೋಟೆಗೂ ಮದ್ದಿಗೂ ಜೋಡಿ ಏಕೆ ಹೊಂದಬೇಕು ಎಂಬುದು ಅದಲುಬದಲು ಮಾಡಿದರೆ ತಿಳಿಯುತ್ತದೆ. ಎಚ್4350ಯನ್ನು 308ಕ್ಕೆ ಹಾಕಿದರೆ ಸಾಮಾನ್ಯ ತೂಕದ ಬುಲೆಟ್ಟಿಗೆ ಕೇಸು ತುಂಬಿ ತುಳುಕಿದರೂ ಒತ್ತಡ ಏರುವುದಿಲ್ಲ, ವೇಗ ಸಿಗುವುದಿಲ್ಲ. ವಾರ್ಗೆಟ್ಟನ್ನು 6.5ರ 140 ಗ್ರೇನ್ ಹಿಂದೆ ಹಾಕಿದರೆ ತಿರುವುಮುರುವು: ವೇಗ ಬರುವ ಮೊದಲೇ ಒತ್ತಡ ಮಿತಿ ಮುಟ್ಟುತ್ತದೆ, ಕೇಸಿನಲ್ಲಿ ಜಾಗ ಖಾಲಿ ಉಳಿಯುತ್ತದೆ. ಗುಂಡು ಹಗುರವಾದಷ್ಟೂ ಬೇಗ ಉರಿಯುವ ಮದ್ದು, ಕೇಸು ದೊಡ್ಡದಾಗಿ ನಳಿಗೆಯ ತೂತು ಸಣ್ಣದಾದಷ್ಟೂ ನಿಧಾನದ್ದು. ಗೋಡೆಗೆ ಅಂಟಿಸುವ ಉರಿವೇಗದ ಪಟ್ಟಿ ಇಷ್ಟು ಊಹಿಸಲು ಸಾಕು. ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ.

ಬಾಲ್ ಪೌಡರ್‌ಗಳು

ಸಿಎಫ್‌ಇ 223, ರಾಮ್‌ಶಾಟ್ ಟ್ಯಾಕ್ ಇತ್ಯಾದಿ ದುಂಡು ಕಾಳಿನ ಡಬಲ್ ಬೇಸ್ ಮದ್ದುಗಳು ಯಂತ್ರದಿಂದ ನೀರಿನಷ್ಟು ಸಲೀಸಾಗಿ ಬೀಳುತ್ತವೆ. ಒಂದೇ ಎಳೆತಕ್ಕೆ ಹಲವು ಹಂತ ಮುಗಿಸುವ ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಗಂಟೆಗೆ ನೂರಾರು 223 ತುಂಬಿ 200 ಗಜದಲ್ಲಿ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಅನುಕೂಲ ಇಲ್ಲ. ಸಿಎಫ್‌ಇಯಲ್ಲಿ ನಳಿಗೆಯ ತಾಮ್ರದ ಪೊರೆ ತಗ್ಗಿಸುವ ಅಂಶವೂ ಇದೆ, ಅದು ಕೆಲಸ ಮಾಡುತ್ತದೆ. 1000 ಗಜಕ್ಕೆ ಬೇಡ, ಕಾರಣ ಮೇಲೆ ಬರೆದ ಬಿಸಿಲಿನ ಲೆಕ್ಕ. ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕಾದ್ದರಿಂದ ಕೋಷ್ಟಕ ಮ್ಯಾಗ್ನಮ್ ಪ್ರೈಮರ್ ಹೇಳಿದ್ದರೆ ಅದನ್ನೇ ಹಾಕಿ.

ಹೊಸ ಡಬ್ಬಿ ಪರೀಕ್ಷಿಸುವ ಕ್ರಮ

ಮೊದಲು ಒಂದೇ ಪೌಂಡು ತನ್ನಿ. ಒಂದೇ ಕಂಪನಿಯ, ಅಷ್ಟೇ ಸಲ ಹೊಡೆದ ಕೇಸುಗಳು, ಒಂದೇ ಪೆಟ್ಟಿಗೆಯ ಪ್ರೈಮರ್. ಒಂದು ಬದಲಿಸಿದರೆ ಉಳಿದದ್ದೆಲ್ಲ ಇದ್ದ ಹಾಗೆಯೇ ಇರಲಿ. ಆರಂಭದ ಅಳತೆಯಿಂದ 0.3 ಗ್ರೇನ್ ಹೆಜ್ಜೆಯಲ್ಲಿ ಒಂದೊಂದೇ ತೋಟೆ ತುಂಬಿ ಹೊಡೆಯುತ್ತ ಮೇಲಕ್ಕೆ ಹೋಗಿ, ಪ್ರತಿ ಹೊಡೆತಕ್ಕೂ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನ ಅಂಕಿ ಬರೆದುಕೊಳ್ಳಿ.

ಒತ್ತಡ ಹೆಚ್ಚಾದ ಗುರುತೆಂದು ಎಲ್ಲರೂ ಪ್ರೈಮರ್ ಚಪ್ಪಟೆಯಾಗುವುದನ್ನು ನೋಡುತ್ತಾರೆ. ಅದು ಪ್ರೈಮರಿನ ಮೆತುವಿನ ಮೇಲೂ ಹೋಗುತ್ತದೆ, ನಂಬಬೇಡಿ. ಬೋಲ್ಟ್ ಎತ್ತುವಾಗ ಬಿಗಿ, ಕೇಸಿನ ತಳದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರದಬ್ಬುವ ಭಾಗದ) ಹೊಳೆಯುವ ಗುರುತು, ಇವು ಗಟ್ಟಿ ಸಾಕ್ಷಿ, ಆದರೆ ಇವು ಕಾಣುವ ಹೊತ್ತಿಗೆ ಮಿತಿ ದಾಟಿರುತ್ತದೆ. ಇವೆರಡಕ್ಕಿಂತ ಮೊದಲು ಎಚ್ಚರಿಸುವುದು ವೇಗ. ಕೋಷ್ಟಕದ ಗರಿಷ್ಠ ವೇಗ ನಿಮಗೆ ಒಂದು ಗ್ರೇನ್ ಕಡಿಮೆಯಲ್ಲೇ ಬಂದಿತೆಂದರೆ, ಹೋಲಿಸಿದ ನಳಿಗೆಯ ಉದ್ದ ಒಂದೇ ಆಗಿದ್ದಲ್ಲಿ, ಗರಿಷ್ಠ ಒತ್ತಡಕ್ಕೂ ನೀವು ಅಲ್ಲೇ ಮುಟ್ಟಿದ್ದೀರಿ. ಅಲ್ಲಿಂದ ಶೇಕಡ ಎರಡು ಮೂರು ಕೆಳಗಿಳಿದು ನಿಂತುಕೊಳ್ಳಿ.

ಆಮೇಲೆ ಬರುವುದು ವೇಗದ ಏರುಪೇರು, ಎಲ್ಲರೂ ಜಂಬ ಕೊಚ್ಚುವ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್) ಅಂಕಿ. ಇಲ್ಲಿ ಸಂಖ್ಯಾಶಾಸ್ತ್ರ ನಿರ್ದಯಿ. ಐದು ಹೊಡೆತದಲ್ಲಿ ಎಸ್‌ಡಿ 10 ಬಂದರೆ ಮದ್ದಿನ ನಿಜವಾದ ಎಸ್‌ಡಿ 6ರಿಂದ 29ರ ನಡುವೆ ಎಲ್ಲಿಯಾದರೂ ಇರಬಹುದು. ಹತ್ತು ಹೊಡೆತದಲ್ಲಿ 10 ಬಂದರೆ 7ರಿಂದ 18. ಮೂರು ಹೊಡೆತದ 'ಎಸ್‌ಡಿ 3' ಚಿತ್ರಗಳನ್ನು ನೋಡಿ ಮದ್ದು ಕೊಳ್ಳುವುದೂ ಲಾಟರಿ ಟಿಕೆಟ್ ಕೊಳ್ಳುವುದೂ ಒಂದೇ. ಅಳತೆಯ ಏಣಿಯಲ್ಲಿ ವೇಗ ಏರದೆ ಚಪ್ಪಟೆಯಾಗಿ ನಿಂತ ಜಾಗವನ್ನು 'ನೋಡ್' ಎಂದು ಹುಡುಕುವವರಿಗೂ ಇದೇ ಉತ್ತರ. ಅದೇ ಏಣಿಯನ್ನು ಇನ್ನೊಂದು ದಿನ ಹೊಡೆದರೆ ಚಪ್ಪಟೆ ಜಾಗ ಬೇರೆಲ್ಲೋ ಇರುತ್ತದೆ. ಆರಿಸಿದ ಅಳತೆಯಲ್ಲಿ ಇಪ್ಪತ್ತು ಹೊಡೆದು, ಸಾಧ್ಯವಾದರೆ 600 ಗಜದಲ್ಲಿ ಮೇಲೆ ಕೆಳಗಿನ ಹರಡನ್ನು ಅಳೆಯಿರಿ.

ಬಿಸಿಗೆ ಬಾಗುವುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅದೇ ಅಳತೆಯ ಹತ್ತು ತೋಟೆ ಐಸ್‌ಪ್ಯಾಕ್ ಇಟ್ಟ ಡಬ್ಬದಲ್ಲಿ, ಹತ್ತು ಮಧ್ಯಾಹ್ನದ ಬೆಂಚಿನ ಮೇಲೆ, ಎರಡರ ಪಕ್ಕದಲ್ಲೂ ಥರ್ಮಾಮೀಟರ್. ಒಂದು ಗಂಟೆ ಬಿಟ್ಟು ಅದಲುಬದಲಾಗಿ ಹೊಡೆಯಿರಿ. ಒಲೆ, ಹೀಟರ್, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾಯಿಸುವ ಸಾಹಸ ಬೇಡ. ತೋಟೆಯನ್ನು ಕಾದ ಚೇಂಬರಿನಲ್ಲಿ ಇಟ್ಟುಕೊಂಡು ಗಾಳಿ ನೋಡುತ್ತ ಕೂತರೆ ಎಂಥ ಮದ್ದಾದರೂ ಬಿಸಿಯಾಗಿ ಗುಂಡು ಮೇಲೆ ಹೋಗುತ್ತದೆ. ಗಾಳಿ ನಿರ್ಧಾರ ಆದ ಮೇಲೆ ತೋಟೆ ಒಳಗೆ ಹಾಕಿ.

ತಕ್ಕಡಿಯ ವಿಷಯ. 308ರಲ್ಲಿ 0.1 ಗ್ರೇನ್‌ಗೆ ವೇಗ ಐದಾರು ಅಡಿ ಬದಲಾಗುತ್ತದೆ. ವಾರ್ಗೆಟ್‌ನ ಒಂದು ಕಾಳಿನ ತೂಕ 0.02 ಗ್ರೇನ್ ಆಸುಪಾಸು, ಅಂದರೆ ಒಂದು ಕಾಳಿಗೆ ಸೆಕೆಂಡಿಗೆ ಒಂದು ಅಡಿ. 600 ಗಜದವರೆಗೆ 0.1 ತೋರಿಸುವ ಸಾಮಾನ್ಯ ಡಿಸ್ಪೆನ್ಸರ್ ಸಾಕು. 1000 ಗಜದ ಸ್ಪರ್ಧೆಗೆ 0.02 ತೋರಿಸುವ ಎಫ್‌ಎಕ್ಸ್-120ಐ ತರಹದ ತಕ್ಕಡಿಗೆ ಅರ್ಥವಿದೆ. ಅದಕ್ಕೂ ಮುಂದೆ ಹೋಗಿ ಕಾಳು ಮುರಿದು ತೂಗುವುದು ಹವ್ಯಾಸ, ಅಂಕವಲ್ಲ. ಯಾವ ತಕ್ಕಡಿಯಾದರೂ ಅರ್ಧ ಗಂಟೆ ಮೊದಲೇ ಆನ್ ಮಾಡಿ, ಫ್ಯಾನ್ ಮತ್ತು ಏಸಿಯ ಗಾಳಿ ತಾಗದಂತೆ ಇಟ್ಟು, ಬಟ್ಟು ಹಾಕಿ ಪರೀಕ್ಷಿಸಿಯೇ ಶುರು ಮಾಡಿ.

ಕೊಳ್ಳುವಾಗ

ಒಂದು ಪೌಂಡೆಂದರೆ 7000 ಗ್ರೇನ್. ತೋಟೆಗೆ 43 ಗ್ರೇನ್ ಎಂದು ಹಿಡಿದರೆ 162 ತೋಟೆ, ಎಂಟು ಪೌಂಡಿನ ಡಬ್ಬಿಯಿಂದ 1300. ಮೆಚ್ಚಿದ ಮೇಲೆ ಎಂಟು ಪೌಂಡನ್ನೇ ಕೊಳ್ಳಿ. ಕಾರಣ ಉಳಿತಾಯವಲ್ಲ, ಲಾಟು. ಒಂದೇ ಹೆಸರಿನ ಮದ್ದಾದರೂ ಲಾಟಿನಿಂದ ಲಾಟಿಗೆ ಉರಿಯುವ ವೇಗದಲ್ಲಿ ವ್ಯತ್ಯಾಸವಿರುತ್ತದೆ. ಒಂದು ಪೌಂಡಿನ ಎಂಟು ಡಬ್ಬಿ ಬೇರೆ ಬೇರೆ ಲಾಟಿನವಾದರೆ ಎಂಟು ಸಲ ಪರೀಕ್ಷೆ. ಹೊಸ ಲಾಟು ತೆರೆದಾಗ ಹಳೆಯ ಗರಿಷ್ಠಕ್ಕೆ ನೇರ ಹೋಗದೆ ಕೆಳಗಿನಿಂದ ಏರಿ ಬನ್ನಿ. ಕೊರಿಯರ್‌ನಲ್ಲಿ ತರಿಸಿದರೆ ಪಾರ್ಸಲ್ಲಿಗೊಂದು ಅಪಾಯಕಾರಿ ಸರಕಿನ ಶುಲ್ಕ ಬೀಳುತ್ತದೆ, ಒಂದು ಡಬ್ಬಿಗೂ ಅಷ್ಟೇ, ಹತ್ತಕ್ಕೂ ಅಷ್ಟೇ. ಕ್ಲಬ್ಬಿನವರು ಕೂಡಿ ತರಿಸಿದರೆ ಹೊರೆ ಹಂಚಿಹೋಗುತ್ತದೆ. ಅರ್ಧ ಬಳಸಿದ ಡಬ್ಬಿಗಳನ್ನು ಗನ್ ಶೋಗಳಲ್ಲಿ ಅಗ್ಗಕ್ಕೆ ಮಾರುತ್ತಾರೆ. ಒಳಗಿರುವುದು ಲೇಬಲ್ಲಿನ ಮದ್ದೇ ಎಂದು ಹೇಳಲು ಯಾವ ದಾರಿಯೂ ಇಲ್ಲ, ಪಿಸ್ತೂಲಿನ ವೇಗದ ಮದ್ದು ರೈಫಲ್ ಕೇಸಿಗೆ ಬಿದ್ದರೆ ಬಂದೂಕು ಒಡೆಯುತ್ತದೆ. ಮುಟ್ಟಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ. ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕಾಗಲಿ ಅಮ್ಯುನಿಷನ್ ಆಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಆ ಕಾನೂನಿನಲ್ಲಿ ಅಮ್ಯುನಿಷನ್ ಎಂದರೆ ತುಂಬಿದ ತೋಟೆ ಮಾತ್ರವಲ್ಲ, ಖಾಲಿ ಕೇಸು, ಪ್ರೈಮರ್, ಬುಲೆಟ್, ಮದ್ದು ಎಲ್ಲವೂ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ತಾಗುವುದಿಲ್ಲ. ಅಂಗಡಿಯವರು ಪೌಡರ್ ಮಾರುವಾಗ ಏನೂ ಕೇಳದಿರಬಹುದು, ಅದರಿಂದ ತಪ್ಪು ತಪ್ಪಲ್ಲದಾಗುವುದಿಲ್ಲ. ವಕೀಲರನ್ನು ಕೇಳಿ ಮುಂದುವರಿಯಿರಿ.

ಆಸ್ಟ್ರೇಲಿಯಾದಲ್ಲಿರುವವರಿಗೆ ಇದೇ ಮದ್ದು ಎಡಿಐ ಲೇಬಲ್ಲಿನಲ್ಲಿ ಸಿಗುತ್ತದೆ: ವಾರ್ಗೆಟ್ ಅಲ್ಲಿ ಎಆರ್2208, ಎಚ್4350 ಎಆರ್2209, ಎಚ್4895 ಎಆರ್2206ಎಚ್. ಕೊನೆಯ 'ಎಚ್' ಮರೆಯಬೇಡಿ. ಭಾರತದಲ್ಲಿ ತಯಾರಿಕೆಯ ಪರವಾನಗಿ ಇಲ್ಲದೆ ಮನೆಯಲ್ಲಿ ತೋಟೆ ತುಂಬುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ತಯಾರಿಸುವುದಕ್ಕಲ್ಲ.

ಇಟ್ಟುಕೊಳ್ಳುವುದು

ಅಮೆರಿಕದ ಅಗ್ನಿಸುರಕ್ಷತೆಯ ಎನ್‌ಎಫ್‌ಪಿಎ 495 ನಿಯಮದಂತೆ ಮನೆಯಲ್ಲಿ 20 ಪೌಂಡಿನವರೆಗೆ ಮೂಲ ಡಬ್ಬಿಯಲ್ಲೇ ಇಡಬಹುದು. ಅದಕ್ಕೆ ಮೇಲೆ 50ರವರೆಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಮರವೇ ಏಕೆಂದರೆ ಬೆಂಕಿ ಬಿದ್ದಾಗ ಹಲಗೆಯ ಕೀಲು ಬಿಟ್ಟು ಅನಿಲ ಹೊರಹೋಗುತ್ತದೆ, ಮದ್ದು ಉರಿದು ಮುಗಿಯುತ್ತದೆ. ಬಿಗಿಯಾದ ಉಕ್ಕಿನ ಪೆಟ್ಟಿಗೆಯಲ್ಲೋ ಗನ್ ಸೇಫಿನಲ್ಲೋ ಇಟ್ಟರೆ ಅದೇ ಮದ್ದು ಬಾಂಬಾಗುತ್ತದೆ. ಗ್ಯಾರೇಜಿನ ಬಿಸಿ, ವಾಟರ್ ಹೀಟರಿನ ಪಕ್ಕ ಎರಡೂ ಬೇಡ.

ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ. ಕೆಲಸ ಮುಗಿದ ಕೂಡಲೇ ಹಾಪರಿನಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿಯಿರಿ. ಬಿಟ್ಟರೆ ಮರುವಾರ ಅದು ಯಾವ ಮದ್ದೆಂದು ಮರೆತಿರುತ್ತದೆ, ಒಣಹವೆಯಲ್ಲಿ ತೇವ ಕಳೆದುಕೊಂಡು ಚುರುಕಾಗಿರುತ್ತದೆ, ಡಬಲ್ ಬೇಸ್ ಆದರೆ ಹಾಪರಿನ ಪ್ಲಾಸ್ಟಿಕ್ಕನ್ನೂ ತಿಂದಿರುತ್ತದೆ. ಗುರುತು ಸಿಗದ ಮದ್ದನ್ನು ಬಣ್ಣ, ಆಕಾರ ನೋಡಿ ಊಹಿಸಬೇಡಿ. ಚೆಲ್ಲಿದ್ದನ್ನು ಬ್ರಷ್ಷಿನಿಂದ ಗುಡಿಸಿ, ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಅದರ ಮೋಟರಿನ ಕಿಡಿ ಸಾಕು.

ಒಳ್ಳೆಯ ಮದ್ದಿನ ಡಬ್ಬಿ ತೆರೆದಾಗ ಈಥರ್, ಸ್ಪಿರಿಟ್ಟಿನಂಥ ಘಾಟು ಬರುತ್ತದೆ. ಮೂಗು ಚುಚ್ಚುವ ಹುಳಿ ಆಮ್ಲದ ವಾಸನೆ, ಕಂದುಕೆಂಪು ಹೊಗೆ, ತುಕ್ಕಿನ ಬಣ್ಣದ ಪುಡಿ, ಇವುಗಳಲ್ಲಿ ಒಂದು ಕಂಡರೂ ಒಳಗಿನ ಸ್ಟೆಬಿಲೈಸರ್ ಮುಗಿದು ಮದ್ದು ಕೊಳೆಯುತ್ತಿದೆ ಎಂದರ್ಥ. ಆ ಸ್ಥಿತಿಯಲ್ಲಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಉಳಿದ ಡಬ್ಬಿಗಳಿಂದ ಬೇರ್ಪಡಿಸಿ, ಮನೆಯ ಹೊರಗಿಟ್ಟು, ವಿಲೇವಾರಿ ಹೇಗೆಂದು ಸ್ಥಳೀಯ ಅಗ್ನಿಶಾಮಕ ದಳದವರನ್ನು ಕೇಳಿ. ಅದರಿಂದ ಆಗಲೇ ತುಂಬಿಟ್ಟ ತೋಟೆಗಳನ್ನೂ ಹೊಡೆಯಬೇಡಿ, ಅವನ್ನೂ ಜೊತೆಗೇ ಕೊಟ್ಟುಬಿಡಿ.